ಹೊರದೇಶದ ಫೋನಿಗೆ ಯಾವ ಕಂಪನಿ ಸೋವಿ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಹೊರದೇಶಕ್ಕೆ ಫೋನ್ ಮಾಡುವ ದರದ ಬಗ್ಗೆ ಯಾರಿಗಾದರೂ ಸಂಶಯ ಬಂದರೆ ಅವರನ್ನು ನೇರ ನಮ್ಮ ಮನೆಗೆ ಕಳಿಸುತ್ತಾರೆ. ಈ ಶಾಣ್ಯಾತನ ನಾನು ಹಂಬಲಿಸಿ ಪಡೆದದ್ದಲ್ಲ. ನಮ್ಮ ಅಪ್ಪ, ಅಣ್ಣ ಸೇರಿ ನನ್ನ ತಲೆಗೆ ಕಟ್ಟಿದ್ದು.

ಅಣ್ಣ ಮಗ್ಗದ ಫಿಟ್ಟರ್. ಕೊಲ್ಲಿ ದೇಶದ ಒಂದು ರತ್ನಗಂಬಳಿ ನೇಯುವ ಮಿಲ್ಲಿಗೆ ಹೋಗುತ್ತೇನೆ ಎಂದಾಗ, ಆಯುಷ್ಯವೆಲ್ಲ ಪವರ್‌ಲೂಮ್ ಶೆಡ್ಡಿನಲ್ಲಿ ಕಳೆದ ಅಪ್ಪ, "ಹೋಗು, ಮತ್ತ ಮಾರಿ ತೋರಸಬ್ಯಾಡ" ಅಂದುಬಿಟ್ಟಿದ್ದ. ಅಣ್ಣನೂ ಅಪ್ಪನ ಮಗನೇ. ಆ ಮಾತನ್ನು ಗಂಟು ಕಟ್ಟಿಕೊಂಡೇ ವಿಮಾನ ಹತ್ತಿದ. ಈ ವರ್ಷ ಅವನ ಕರಾರು ಮುಗಿಯಲು ಬಂತು. ತಿಂಗಳ ಕೊನೆಯೊಳಗೆ ಸಹಿ ಮಾಡಿದರೆ ಇನ್ನೆರಡು ವರ್ಷ ಅಲ್ಲೇ, ಇಲ್ಲವಾದರೆ ಊರಿಗೆ. "ಅಪ್ಪ ಬಾ ಅಂದ್ರ ಬರ್ತೇನಿ" ಎಂದು ವಾಟ್ಸಾಪಿನಲ್ಲಿ ನನಗೆ ಬರೆದ. "ಅಪ್ಪಗೂ ನೀ ಬರೂದ ಬೇಕಾಗೇತಿ" ಎಂದು ನಾನು ಬರೆದರೆ, "ನಿನ್ನ ವಕಾಲತ್ತು ಬ್ಯಾಡ, ಅಂವನ ಬಾಯಿಲೆ ಕೇಳಬೇಕು" ಎಂದು ಉತ್ತರ ಬಂತು. ಅವನಿದ್ದ ದೇಶದಲ್ಲಿ ವಾಟ್ಸಾಪಿನಲ್ಲಿ ಬರೆಯಬಹುದು. ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ. ಹಾಗಾಗಿ ಹಳೆಯ ಕಾಲದ ಐಎಸ್‌ಡಿಯೇ ಗತಿ.

ಮೊದಲು ನನ್ನ ಸಿಮ್ಮಿನ ಕಂಪನಿಯದೇ ಪ್ಯಾಕ್ ಹಾಕಿಸಿದೆ. ಸಂಜೆ ಫೋನ್ ಹಚ್ಚಿ ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ತಂದೆ, ಮಗ ಜಗಳ ಬಗೆಹರಿಸಿಕೊಳ್ಳುವಾಗ ಮಗಳು ಎದುರು ನಿಲ್ಲಬಾರದು ಎಂಬಷ್ಟು ಮರ್ಯಾದೆ ನಮ್ಮ ಮನೆಯಲ್ಲಿದೆ. ಸ್ವಲ್ಪ ಹೊತ್ತಿಗೆ ಅಪ್ಪ ಅಡುಗೆಮನೆಗೆ ಬಂದು "ಮಾತಾಡಿದ್ನಿ" ಅಂದ. ಹಿಂದೆಯೇ ಅಣ್ಣನ ಬರಹ ಬಂತು: "ಅಪ್ಪ ಒಂದ ಮಾತೂ ಆಡಲಿಲ್ಲ."

ಒಬ್ಬರು ಆಡಿದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಅಂದಮೇಲೆ ತಪ್ಪು ಕಂಪನಿಯದು. ಅವರ ಕಾಲ್ ಸೆಂಟರಿಗೆ ಫೋನ್ ಮಾಡಿ ಮನಸಾರೆ ಬೈದೆ. ಅಲ್ಲಿನ ಹುಡುಗಿ ಬೈಗುಳವನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, ಸೇವೆಗೆ ಅಂಕ ಕೊಡಿರಿ ಅಂದಳು.

ಕೊಲ್ಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮೊಬೈಲ್ ಅಂಗಡಿಯವನು ಕಾಲಿಂಗ್ ಕಾರ್ಡ್ ತೋರಿಸಿ, ಮರಾಠಿಯಲ್ಲಿ "ಆವಾಜ ಏಕದಮ ಕ್ಲಿಯರ್, ತಾಈ" ಎಂದ. ದರ ಪ್ಯಾಕಿನ ಅರ್ಧ. ಆದರೆ ಫೋನ್ ಹತ್ತಿದ ಕೂಡಲೇ ಒಂದಿಷ್ಟು ದುಡ್ಡು ಕಡಿದುಕೊಳ್ಳುತ್ತದೆ, ಚೂರು ಮಾತಾಡಿದರೂ ಇಡೀ ನಿಮಿಷದ ಲೆಕ್ಕ ಹಿಡಿಯುತ್ತದೆ ಎಂಬುದನ್ನು ಕಾರ್ಡಿನ ಬೆನ್ನಿಗೆ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರು. ಗಡಹಿಂಗ್ಲಜದ ನಮ್ಮ ಮಾವಶಿ, ಅಂದರೆ ತೀರಿಕೊಂಡ ಅವ್ವನ ತಂಗಿ, ಒಂದು ಆ್ಯಪ್ ಹೇಳಿಕೊಟ್ಟಳು. ಅದರಲ್ಲಿ ಸೆಕೆಂಡಿನ ಲೆಕ್ಕ, ಎಲ್ಲಕ್ಕಿಂತ ಸೋವಿ. ಪ್ರತಿ ಸಲ ಮೊದಲು ಇಸ್ಪೀಟಿನ ಜಾಹೀರಾತು ನೋಡಬೇಕು, ಅಷ್ಟೇ.

ಕಾರ್ಡಿನಲ್ಲೂ ಅಪ್ಪ "ಮಾತಾಡಿದ್ನಿ" ಅಂದ, ಅಣ್ಣ "ಇಲ್ಲ" ಅಂದ. ಆ್ಯಪಿನಲ್ಲೂ ಅದೇ ರಾಗ. "ಅಪ್ಪನ ಸಿಟ್ಟ ಇಳದಿಲ್ಲ, ಬಿಡು" ಎಂದು ಬರೆದ ಅಣ್ಣ. ಇಬ್ಬರ ಹಟ ನೋಡಿ ನನಗೆ ಮೈಯೆಲ್ಲ ಉರಿಯಿತು.

ತಿಂಗಳ ಕೊನೆಗೆ ಎಲ್ಲಕ್ಕಿಂತ ದುಬಾರಿ ಕಂಪನಿಯ ಸಿಮ್ ತಂದು ಫೋನ್ ಹಚ್ಚಿದೆ. ಅಣ್ಣ ಎತ್ತಿದ.

"ಇವತ್ತ ಮಧ್ಯಾಹ್ನ ಸಹಿ ಮಾಡಿ ಬಂದ್ನಿ, ತಂಗಿ," ಎಂದ. "ಆದ್ರೂ ಕೊಡು ಅಪ್ಪನ ಕೈಯಾಗ."

ಕೊಟ್ಟೆ. ಅಂದು ಅಡುಗೆಮನೆಗೆ ಹೋಗದೆ ಬಾಗಿಲಲ್ಲಿ ನಿಂತುಬಿಟ್ಟೆ.

ಅಪ್ಪ ಮಾತಾಡುತ್ತಿದ್ದ. ತುಟಿಗಳನ್ನು ಅಗಲವಾಗಿ ತೆರೆದು ಮುಚ್ಚುತ್ತಿದ್ದ, ಎಡಗೈಯನ್ನು ತನ್ನ ಕಡೆ ಬೀಸಿಕೊಳ್ಳುತ್ತಿದ್ದ. ಸ್ವರ ಮಾತ್ರ ಒಂದಿಷ್ಟೂ ಇಲ್ಲ. ಮಗ್ಗದ ಶೆಡ್ಡಿನಲ್ಲಿ ಮಾತಾಡುವುದೇ ಹೀಗೆ. ಆ ಖಟಖಟದಲ್ಲಿ ಗಂಟಲು ಹರಿದುಕೊಳ್ಳುವವನು ಹೊಸಬ. ಉಳಿದವರು ತುಟಿಯಲ್ಲಿ, ಕೈಯಲ್ಲಿ ಮಾತು ಮುಗಿಸುತ್ತಾರೆ. ಅಪ್ಪನ ಕಿವಿ ಅಲ್ಲೇ ಅರ್ಧ ಹೋಗಿದೆ. ಎದುರು ಕುಳಿತವರ ಜೊತೆ ಓಣಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ, ಫೋನ್ ಹಿಡಿದ ಕೂಡಲೇ ಕಿವಿಯಲ್ಲಿ ಗುಂಯ್ ಎಂದು ಸದ್ದು ಶುರುವಾಗಿ, ಮತ್ತೆ ಶೆಡ್ಡಿನೊಳಗೇ ನಿಂತವನಂತೆ ಆಗಿಬಿಡುತ್ತಿದ್ದ. ಎದುರಿಗಿದ್ದಿದ್ದರೆ ಅಣ್ಣ ಒಂದಕ್ಷರ ಬಿಡದೆ ತಿಳಿದುಕೊಳ್ಳುತ್ತಿದ್ದ. ಅವನೂ ಅಲ್ಲೇ ಕೆಲಸ ಕಲಿತವನು.

ಅಪ್ಪನ ತುಟಿ ಒಂದೇ ಸಮನೆ ಬಾ, ಬಾ ಎನ್ನುತ್ತಿತ್ತು.

"ಅಪ್ಪಾ, ಸ್ವರಾ ತಗದ ಮಾತಾಡು! ಅಣ್ಣಗ ನಿನ್ನ ತುಟಿ ಕಾಣಂಗಿಲ್ಲ!" ಎಂದು ಅವನ ಕಿವಿಯ ಹತ್ತಿರ ಚೀರಿದೆ.

ಅಪ್ಪ ನನ್ನನ್ನು ನೋಡಿದ, ಫೋನನ್ನು ನೋಡಿದ. "ಅಂದ್ರ ಇಷ್ಟ ದಿನಾ ಅವಂಗ ಏನೂ ಕೇಳೇ ಇಲ್ಲ?" ಎಂದ. ಆಮೇಲೆ ಫೋನನ್ನು ಬಾಯಿಯ ಮುಂದೆ ಹಿಡಿದು, ಪಕ್ಕದ ಮನೆಯವರು ಹೊರಬರುವಂತೆ ಕೂಗಿದ: "ಬಾರೋ ಮಗನ! ಬಂದಬಿಡು!"

ಆ ಕಡೆ ಅಣ್ಣ ಬಿಕ್ಕಿ ಬಿಕ್ಕಿ ಅಳುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ. ಅವನು ಮುಖವೆಲ್ಲ ಅರಳಿಸಿಕೊಂಡು ಫೋನನ್ನು ನನ್ನ ಕೈಗಿಟ್ಟು, "ಯಾವಾಗ ಬರ್ತಾನಂತ ಕೇಳವ್ವಾ" ಅಂದ.