ಎಲ್ ಅಂದರೆ ಲೋಡ್ ಅಲ್ಲ

ನಮ್ಮ ಶಿಡ್ಲಘಟ್ಟದಲ್ಲಿ ದಿಲ್ಷಾದ್ ಬೇಗಂ ಯಾರು ಎಂದು ಕೇಳಿದರೆ ಜನ ಮೊದಲು ಗಾಡಿ ತೋರಿಸುತ್ತಾರೆ, ಆಮೇಲೆ ಮನೆ. ಬಿಳಿ ಬಣ್ಣದ, ಆಳೆತ್ತರದ, ಬೇಕೆಂದಾಗ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಕೊಡುವ ಹಳೆಯ ಗಾಡಿ. ಹಿಂದಿನ ಸೀಟು ಬಿಚ್ಚಿಹಾಕಿ, ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಮಾರುಕಟ್ಟೆಗೆ ತರುವುದು ಅವಳ ಕೆಲಸ. ಗಂಡ ಸಾದಿಕ್ ಪಾಷಾ ನೂಲು ತೆಗೆಯುವ ಘಟಕ ಬಿಟ್ಟು ಬರಲಾಗದೆ ಅವಳ ಕೈಗೆ ಸ್ಟೇರಿಂಗ್ ಕೊಟ್ಟರು. ಕೊಟ್ಟದ್ದನ್ನು ಅವಳು ಬಿಡಲಿಲ್ಲ. ಆ ಸೀಟಿನಲ್ಲಿ ಕೂತಾಗ ಅವಳಿಗಾಗುವ ಸಂತೋಷವನ್ನು ಎದುರುಮನೆಯ ನಾನು ದಿನಾ ನೋಡುತ್ತೇನೆ.

ಆದರೆ ಗಾಡಿ ನರಳುತ್ತಿತ್ತು. ಲೋಡ್ ಹಾಕಿದರೆ ಎಂಜಿನ್ ಕಿರುಚುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಗಿ, ಟೈರು ಕುಪ್ಪಳಿಸುತ್ತಿತ್ತು. ಕೆಸರು ಕಂಡರಂತೂ ಹೂತು ಕೂರುತ್ತಿತ್ತು. ತಪ್ಪು ಗಾಡಿಯದಲ್ಲ, ಪಾಷಾ ಸಾಹೇಬರ ಪಾಠದ್ದು. ಗೇರಿನ ಪಕ್ಕದ ಚಿಕ್ಕ ಲಿವರಿನ ಮೇಲೆ ಟು ಎಚ್, ಫೋರ್ ಎಚ್, ಫೋರ್ ಎಲ್ ಎಂದು ಬರೆದಿದೆ. "ಎಚ್ ಅಂದ್ರೆ ಹೈವೇ, ಎಲ್ ಅಂದ್ರೆ ಲೋಡ್" ಎಂದು ಅವರು ಮೊದಲ ದಿನವೇ ಅಪ್ಪಣೆ ಕೊಡಿಸಿದ್ದರು. ಹೀಗಾಗಿ ಗೂಡು ತುಂಬಿದ ಕೂಡಲೇ ಟಾರು ರಸ್ತೆಯಲ್ಲೂ ಫೋರ್ ಎಲ್, ಖಾಲಿ ಇದ್ದರೆ ಕೆಸರಿನಲ್ಲೂ ಟು ಎಚ್. ಗೂಡಿನ ಲೋಡಿಗೆ ತೂಕವಾದರೂ ಎಷ್ಟಿರುತ್ತದೆ? ಗಾಡಿಯ ವಿಷಯದಲ್ಲಿ ಗೊತ್ತಿಲ್ಲ ಅನ್ನಲು ಗಂಡಸರಿಗೆ ಯಾಕೆ ಅಷ್ಟು ಕಷ್ಟವೋ.

"ದರಿದ್ರದ ಗಾಡಿ, ಮಾರಿಬಿಡೋಣ" ಎಂದು ಪಾಷಾ ತೀರ್ಮಾನಿಸಿದರು. ಭಾನುವಾರ ನೋಡಲು ಗೌರಿಬಿದನೂರಿನಿಂದ ಒಬ್ಬರು ಬರುವವರಿದ್ದರು. ಈ ಮಾತು ಕೇಳಿದ ದಿನ ದಿಲ್ಷಾದ್ ನಮ್ಮ ಜಗಲಿಯಲ್ಲಿ ಕೂತು ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ನೆಟ್ಟಗೆ ಚಿಂತಾಮಣಿಯ ಮೆಕ್ಯಾನಿಕ್ ಮುನೇಶನ ಹತ್ತಿರ ಗಾಡಿ ಒಯ್ದಳು.

ಲೋಡಿನ ಕಥೆ ಕೇಳಿ ಮುನೇಶ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ಟು ಅಂದ್ರೆ ಎರಡು ಚಕ್ರಕ್ಕೆ ಬಲ, ಫೋರ್ ಅಂದ್ರೆ ನಾಲ್ಕಕ್ಕೂ. ಎಚ್ ಅಂದ್ರೆ ಹೈ, ವೇಗಕ್ಕೆ; ಎಲ್ ಅಂದ್ರೆ ಲೋ, ನಿಧಾನಕ್ಕೆ ಎಳೆಯೋಕೆ ಕಣಕ್ಕ. ಒಣಗಿದ ಟಾರಿನ ಮೇಲೆ ಟು ಎಚ್ ಒಂದೇ. ಲೋಡ್ ಇರ್ಲಿ, ಬಿಡ್ಲಿ. ಕೆಸರು ದಾರೀಲಿ ಫೋರ್ ಎಚ್. ಕಡಿದಾದ ಏರು, ಇಳಿಜಾರು, ಆಳದ ಕೆಸರು ಅಂದ್ರೆ ಗಾಡಿ ನಿಲ್ಸಿ, ನ್ಯೂಟ್ರಲ್ ಮಾಡಿ ಫೋರ್ ಎಲ್ ಹಾಕು. ಹೂತ್ಕೊಂಡ್ಮೇಲಲ್ಲ, ಹೂತ್ಕೊಳ್ಳೋಕೆ ಮುಂಚೆ."

ಮನೆಗೆ ಬಂದು ಹೇಳಿದರೆ ಪಾಷಾ ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಬಾಜಿದುರ್ಗದ ಬೆಟ್ಟದ ಬುಡದಿಂದ, ಗೂಡು ಬೆಳೆಯುವ ಗಂಗುಲಮ್ಮನ ಫೋನು ಬಂತು. ಆಕೆಯ ಹುಳು ಸಾಕುವ ಮನೆ ಇರುವುದು ದಿಣ್ಣೆಯ ಮೇಲೆ. ರಾತ್ರಿಯ ಮಳೆಗೆ ದಾರಿ ಕಲಸಿಹೋಗಿ ಬಾಡಿಗೆ ಟೆಂಪೋದವನು ಬರುವುದಿಲ್ಲ ಎಂದಿದ್ದ. ಗೂಡು ಬಿಡಿಸುವುದು ಆಗಲೇ ತಡವಾಗಿತ್ತು. ಆವತ್ತಿನ ಹರಾಜು ತಪ್ಪಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡುತ್ತಿತ್ತು. ತೂತಾದ ಗೂಡನ್ನು ನೂಲು ತೆಗೆಯಲು ಯಾರೂ ಕೊಳ್ಳುವುದಿಲ್ಲ.

"ಬರ್ತೀನಮ್ಮ" ಎಂದಳು ದಿಲ್ಷಾದ್. ಮಾರುವ ಮುಂಚೆ ಗಾಡಿ ಹಾಳಾಗಬಾರದು ಎಂದು ಪಾಷಾ ಸಾಹೇಬರೂ ಹತ್ತಿ ಕೂತರು.

"ಇವತ್ತೂ ಹೂತ್ಕೊಂಡ್ರೆ ಭಾನುವಾರ ಅವ್ನು ಕೊಟ್ಟಷ್ಟಕ್ಕೆ ಕೊಡ್ತೀನಿ" ಎಂದರು.

"ಹೂತ್ಕೊಂಡ್ರೆ ಮಾರಿ. ಹೂತ್ಕೊಳ್ಳಲಿಲ್ಲ ಅಂದ್ರೆ ತೀರ್ಮಾನ ನಂದು."

ಟಾರು ಮುಗಿದು ಮಣ್ಣುದಾರಿ ಶುರುವಾದ ಕಡೆ ಅವಳು ಫೋರ್ ಎಚ್‌ಗೆ ಎಳೆದಳು. ದಿಣ್ಣೆಯ ಬುಡದಲ್ಲಿ, ಕೆಸರಿಗೆ ಚಕ್ರ ಇಡುವ ಮೊದಲೇ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಫೋರ್ ಎಲ್ ಹಾಕಿದಳು.

"ಲೋಡೇ ಇಲ್ವಲ್ಲೇ" ಎಂದರು ಪಾಷಾ. ಅವಳು ಮೆಲ್ಲಗೆ ಕ್ಲಚ್ ಬಿಟ್ಟಳು. ಗಾಡಿ ಎಮ್ಮೆಯ ಹಾಗೆ ನಿಧಾನಕ್ಕೆ, ಎಲ್ಲೂ ನಿಲ್ಲದೆ ಮೇಲೆ ಹತ್ತಿತು.

ಇಳಿಯುವುದು ಇನ್ನೂ ಕಷ್ಟ. ಹಿಂದೆ ಗೂಡಿನ ಚೀಲಗಳ ನಡುವೆ ಗಂಗುಲಮ್ಮ ಕೂತಿದ್ದಳು. ಫೋರ್ ಎಲ್‌ನಲ್ಲೇ, ಮೊದಲ ಗೇರಿನಲ್ಲಿ, ಬ್ರೇಕಿನಿಂದ ಕಾಲು ತೆಗೆದು ದಿಲ್ಷಾದ್ ಇಳಿಸತೊಡಗಿದಳು. "ಬ್ರೇಕ್ ಒತ್ತು, ಬ್ರೇಕ್ ಒತ್ತು" ಎಂದು ಪಾಷಾ ಬಡಕೊಂಡರು.

"ಒತ್ತಿದ್ರೆ ಜಾರತ್ತೆ ರೀ. ಎಂಜಿನ್ನೇ ಹಿಡ್ಕೊಳ್ಳತ್ತೆ."

"ಸುಮ್ನಿರಿ ಸಾಬ್ರೆ, ಆಯಮ್ಮ ಓಡಿಸ್ತಾವ್ಳೆ" ಎಂದಳು ಗಂಗುಲಮ್ಮ. ಆಮೇಲೆ ಪಾಷಾ ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತರಂತೆ.

ಟಾರು ಬಂತು. ಲೋಡ್ ಇದ್ದರೂ ದಿಲ್ಷಾದ್ ಗಾಡಿ ನಿಲ್ಲಿಸಿ ಟು ಎಚ್‌ಗೆ ತಂದಳು. ಕಿರುಚಾಟ ಇಲ್ಲ, ಕುಪ್ಪಳಿಕೆ ಇಲ್ಲ; ತಿರುವಿನಲ್ಲಿ ಸ್ಟೇರಿಂಗ್ ಬೆಣ್ಣೆಯಂತೆ ತಿರುಗಿತು. ಪಾಷಾ ಚಿಕ್ಕ ಲಿವರನ್ನೇ ನೋಡುತ್ತ ಬಂದರು. ಹರಾಜಿನ ಹೊತ್ತಿಗೆ ಗೂಡು ಮಾರುಕಟ್ಟೆ ತಲುಪಿತು. ಗಂಗುಲಮ್ಮ ದಿಲ್ಷಾದಳ ಕೈಹಿಡಿದು ಎಷ್ಟೋ ಹೊತ್ತು ಬಿಡಲಿಲ್ಲ.

ಭಾನುವಾರ ಗೌರಿಬಿದನೂರಿನವರು ಬಂದರು. ಫೋನು ಮಾಡಿ ಬೇಡವೆನ್ನಲು ಪಾಷಾ ಸಾಹೇಬರಿಗೆ ಮುಜುಗರವಾಗಿತ್ತು. ಬಂದವರು ಒಳಗೆ ಬಗ್ಗಿ ನೋಡಿ ಕೇಳಿದರು, "ಈ ಎಲ್ ಯಾತಕ್ಕೆ ಸಾಬ್ರೆ? ಲೋಡಿಗಾ?"

ನಾನು ಜಗಲಿಯಲ್ಲೇ ಇದ್ದೆ. ಪಾಷಾ ಒಮ್ಮೆ ನನ್ನ ಕಡೆ, ಒಮ್ಮೆ ನೆಲದ ಕಡೆ ನೋಡಿದರು.

"ಅವಳನ್ನೇ ಕೇಳಿ. ಗಾಡಿ ಅವಳ್ದು."

ದಿಲ್ಷಾದ್ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಹೊರಗೆ ಬಂದಳು. "ಎಲ್ ಅಂದ್ರೆ ಲೋ ಅಣ್ಣ. ನಿಧಾನ, ಆದ್ರೆ ನಿಲ್ಲಲ್ಲ. ಚಾ ಕುಡ್ಕೊಂಡು ಹೋಗಿ, ಗಾಡಿ ಮಾರೋಕಿಲ್ಲ."