ಖಾಸಿಂಸಾಬರ ಐದು ಬಾಣಗಳು

ಬೆಟಗೇರಿಯ ಖಾಸಿಂಸಾಬರು ನಲವತ್ತೊಂದು ವರ್ಷ ಬೋರ್ಡು ಬರೆದವರು. ಕಿರಾಣಿ ಅಂಗಡಿ, ಸೀರೆ ಅಂಗಡಿ, ಹಲ್ಲಿನ ದವಾಖಾನೆ, ಟ್ರ್ಯಾಕ್ಟರಿನ ಟ್ರೇಲರು, ಯಾವುದಾದರೂ ಸರಿ. ಕೆಲಸ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ 'ಖಾಸಿಂ, ಬೆಟಗೇರಿ' ಎಂದು ಬರೆಯುತ್ತಿದ್ದರು. ಗದಗಿನ ಗಿರಾಕಿಯೊಬ್ಬ ಊರಿನ ಹೆಸರು ಬೇಡ ಎಂದದ್ದಕ್ಕೆ ಅರ್ಧ ಬರೆದ ಬೋರ್ಡನ್ನು ಅಲ್ಲೇ ಬಿಟ್ಟು ಬಂದಿದ್ದರು. 'ಗದಗ-ಬೆಟಗೇರಿ' ಎಂಬ ಜೋಡಿ ಹೆಸರಿನಲ್ಲಿ ತಮ್ಮ ಊರು ಯಾವಾಗಲೂ ಬಾಲದ ಹಾಗೆ ಹಿಂದೆ ಬರುತ್ತದೆ ಎಂಬ ಸಿಟ್ಟು ಅವರಿಗೆ ಮೊದಲಿನಿಂದಲೂ ಇತ್ತು.

ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಬಾಯಿ ಜೋರಾಯಿತು. ಬೆಳಿಗ್ಗೆ ಚಹಾ ಕುಡಿಯಲು ಹೊರಟರೆ ದಾರಿಯ ಫ್ಲೆಕ್ಸುಗಳನ್ನೆಲ್ಲ ನಿಂತು ಓದುವರು. "ನೋಡ್ರಿ ಇಲ್ಲೆ, 'ಹಾರ್ಧಿಕ' ಸುಸ್ವಾಗತ ಅಂತ. ದ-ಕ್ಕ ಹೊಟ್ಟಿ ಸೀಳ್ಯಾರ. ಇವರ ಮನ್ಯಾಗ ಊಟಕ್ಕ ಹೋದ್ರ ಅನ್ನಕ್ಕ ಸುಣ್ಣ ಹಾಕ್ತಾರ," ಎನ್ನುವರು. ತಮ್ಮ ಕೈಯಿಂದ ಒಂದು ಒತ್ತಕ್ಷರವೂ ತಪ್ಪಿಲ್ಲ ಎಂಬುದು ಅವರ ಹೆಮ್ಮೆ. ಅದು ನಿಜವೂ ಆಗಿತ್ತು.

ಊರ ದಕ್ಷಿಣಕ್ಕಿರುವ ಗುಡ್ಡಕ್ಕೆ ಎರಡು ವರ್ಷದ ಹಿಂದೆ ಡಾಂಬರು ರಸ್ತೆಯಾಯಿತು. ತುದಿಯಲ್ಲಿ ಕಟ್ಟೆ, ಕಟಾಂಜನ, ಮಂಡಕ್ಕಿ ಗಿರಮಿಟ್ಟಿನ ಗಾಡಿಗಳು ಬಂದವು. ಭಾನುವಾರ ಬಂತೆಂದರೆ ಅರ್ಧ ಊರು ಮೇಲೆ ಹೋಗಿ ಉಳಿದರ್ಧ ಊರನ್ನು ನೋಡತೊಡಗಿತು. ಖಾಸಿಂಸಾಬರು ಒಮ್ಮೆಯೂ ಹೋಗಲಿಲ್ಲ.

"ದಿನಾ ಇದರ ಧೂಳು ಕುಡೀತೀವಿ. ಮ್ಯಾಲಿಂದ ನೋಡಿದ್ರ ಅತ್ತರಿನ ವಾಸನಿ ಬರ್ತೈತೇನು?" ಎಂದು ಹೆಂಡತಿ ಫಕೀರಬಿಯ ಬಾಯಿ ಮುಚ್ಚಿಸುತ್ತಿದ್ದರು.

ಅಂಥವರಿಗೇ ಗುಡ್ಡದ ಸಮಿತಿಯವರು ಕೆಲಸ ಕೊಟ್ಟರು. ಕಟ್ಟೆಯ ಮೇಲೆ ಕೂರಿಸಲು ಐದು ಕಲ್ಲು: ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಪ್ರತಿ ಹೆಸರಿನ ಕೆಳಗೆ ಆ ಊರಿನ ಕಡೆಗೊಂದು ಬಾಣ. ಗುಡ್ಡದ ಕಾವಲುಗಾರ ಹನಮಪ್ಪ ಫೋನ್ ಮಾಡಿದ. "ಒಮ್ಮೆ ಮ್ಯಾಲ ಬಂದು ನೋಡಿ ಹೋಗ್ರಿ ಸಾಬ್ರ."

"ಬಾಣ ಬರಿಯಾಕ ಗುಡ್ಡ ಹತ್ತಬೇಕೇನೋ? ಎಡಕ್ಕ ಯಾವುದು, ಬಲಕ್ಕ ಯಾವುದು, ಅಷ್ಟ ಒದರು."

ಹನಮಪ್ಪ ಮೇಲೆ ನಿಂತು ಒದರಿದ. ಇವರು ಕೆಳಗೆ ಅಂಗಳದಲ್ಲಿ ಕೂತು ಬರೆದರು. ಗೌಂಡಿ ಬಂದು ಕಲ್ಲು ಒಯ್ದು ಕೂರಿಸಿದ.

ಎರಡು ತಿಂಗಳಾದ ಮೇಲೆ ಫಕೀರಬಿ ಹಟ ಹಿಡಿದಳು. ಓಣಿಯ ಹೆಂಗಸರೆಲ್ಲ ನೋಡಿ ಬಂದ ಗಂಡನ ಬರಹವನ್ನು ತಾನು ನೋಡದೆ ಉಳಿದದ್ದು ಅವಳಿಗೆ ಅವಮಾನ. ಒಂದು ಭಾನುವಾರ ಸಂಜೆ ಇಬ್ಬರೂ ಟಂಟಂ ಹತ್ತಿ ಹೋದರು.

ಮೇಲೆ ಕಂಡದ್ದು ಖಾಸಿಂಸಾಬರು ಎಣಿಸಿದ್ದಕ್ಕಿಂತ ಕಡೆಯಾಗಿತ್ತು. ಊರು ನೋಡಲು ಬಂದವರೆಲ್ಲ ಊರಿಗೆ ಬೆನ್ನು ಮಾಡಿ ನಿಂತು ತಮ್ಮ ಮುಖದ ಫೋಟೊ ತೆಗೆದುಕೊಳ್ಳುತ್ತಿದ್ದರು. ಒಬ್ಬಳು ಒಂದೇ ಮೂತಿಯನ್ನು ಹನ್ನೊಂದು ಸಲ ಮಾಡಿದಳು. ಗಿರಮಿಟ್ಟಿನ ಕಾಗದ ಗಾಳಿಗೆ ಹಾರಿ ಮುಳ್ಳುಕಂಟಿಗೆ ಸಿಕ್ಕಿಕೊಂಡಿತ್ತು.

"ನೋಡು, ಇದಕ್ಕ ಪೆಟ್ರೋಲ್ ಸುಟ್ಟು ಬರ್ತಾರ," ಎಂದರು ಖಾಸಿಂಸಾಬರು.

ಫಕೀರಬಿ ಕೇಳಿಸಿಕೊಳ್ಳಲಿಲ್ಲ. ಕಟಾಂಜನ ಹಿಡಿದು ಬಲಕ್ಕೆ ಬಗ್ಗಿದ್ದಳು. "ಅಗೋ ನಮ್ಮ ಓಣಿ ನೀರಿನ ಟಾಕಿ! ಅದರ ಬಾಜೂಕ ಮಗ್ಗದ ಶೆಡ್ಡು. ಬೆಟಗೇರಿ ಎಷ್ಟು ಚಂದ ಕಾಣ್ತೈತ್ರಿ! ನಿಮ್ಮ ಕಲ್ಲಿನ್ಯಾಗ ನಮ್ಮೂರು ಯಾವುದು?"

ಅವಳಿಗೆ ಓದು ಬಾರದು. ಖಾಸಿಂಸಾಬರು ಕಲ್ಲು ನೋಡಿದರು. ಟಾಕಿಯ ಕಡೆ ಚಾಚಿದ ಬಾಣದ ಮೇಲೆ ಅವರದೇ ದುಂಡನೆಯ ಅಕ್ಷರದಲ್ಲಿ 'ಗದಗ' ಎಂದಿತ್ತು. 'ಬೆಟಗೇರಿ'ಯ ಬಾಣ ಎಡಕ್ಕೆ, ಗದಗಿನ ಕಡೆಗಿತ್ತು. ಉಳಿದ ಮೂರನ್ನೂ ನೋಡಿದರು. ಪೂರ್ವದಲ್ಲಿರಬೇಕಾದ ಮುಂಡರಗಿ ಪಶ್ಚಿಮಕ್ಕೆ ಹೋಗಿತ್ತು. ಐದಕ್ಕೆ ಐದೂ ತಿರುವುಮುರುವು. ಕೊನೆಯ ಕಲ್ಲಿನ ಮೂಲೆಯಲ್ಲಿ ಅವರ ಹೆಸರಿತ್ತು.

"ಯಾವುದ್ರಿ?"

"ತಡಿ, ಬಂದೆ," ಎಂದು ಹನಮಪ್ಪನನ್ನು ಹುಡುಕಿ ಹೋದರು.

ಹನಮಪ್ಪ ಗುಡ್ಡದ ಬಸವಣ್ಣನ ಗುಡಿಯ ಮುಂದೆ ಕೂತಿದ್ದ. ಗುಡಿ ಇರುವುದು ಕಟ್ಟೆಯ ದಕ್ಷಿಣಕ್ಕೆ, ಊರಿಗೆ ತೀರ ಎದುರು ದಿಕ್ಕಿನಲ್ಲಿ.

"ಅವತ್ತು ಫೋನಿನ್ಯಾಗ ಎಡಕ್ಕ ಬಲಕ್ಕ ಅಂದೆಲ್ಲ, ಯಾ ಕಡೆ ಮುಖ ಮಾಡಿ ನಿಂತಿದ್ದೆಲೇ?"

"ಬಸವಣ್ಣನ ಕಡೆ. ಮತ್ಯಾ ಕಡೆ? ದೇವರಿಗೆ ಬೆನ್ನು ಕೊಟ್ಟು ನಾವು ದಿಕ್ಕು ಹೇಳಂಗಿಲ್ರಿ ಸಾಬ್ರ. ನಮ್ಮಪ್ಪನೂ ಹೇಳ್ತಿರಲಿಲ್ಲ." ಅಷ್ಟು ಹೇಳಿದ ಮೇಲೆ ಅವನಿಗೂ ಹೊಳೆಯಿತು. ಕಟ್ಟೆಯ ಕಡೆ ನೋಡಿದ, ನಾಲಿಗೆ ಕಚ್ಚಿಕೊಂಡ. "ಸುಮ್ಮನಿರ್ರಿ. ಎರಡು ತಿಂಗಳಾತು, ಸಾವಿರಗಟ್ಟಲೆ ಮಂದಿ ಬಂದು ಹೋದ್ರು. ಒಬ್ಬನರ ತಪ್ಪೈತಿ ಅಂದಾನೇನು? ಕಲ್ಲು ಯಾರು ನೋಡ್ತಾರ? ಬಾಯಿ ಬಿಟ್ರ ಹೋಗೂದು ನಿಮ್ಮ ಹೆಸರ."

ಮಾತು ಖರೆ ಇತ್ತು. ಸುಮ್ಮನಿದ್ದರೆ ನಲವತ್ತೊಂದು ವರ್ಷದ ಹೆಸರು ಉಳಿಯುತ್ತದೆ. ಅದನ್ನು ಕಾಯುವವರು ಯಾರೆಂದರೆ, ಈಗಷ್ಟೇ ತಾವು ಬೈದುಕೊಂಡ ಈ ಮೂತಿ ತಿರುವುವ ಮಂದಿ.

ಖಾಸಿಂಸಾಬರು ತಿರುಗಿ ಬಂದಾಗ ಕಲ್ಲಿನ ಮುಂದೆ ಜಗಳ ನಡೆದಿತ್ತು. ಹೊಂಬಳದ ಚನ್ನಬಸವಣ್ಣ ಎಂಬ ವಯಸ್ಸಾದ ರೈತ, ಜೊತೆಗೆ ಅಳಿಯ ವೀರು.

"ಅದು ಬೆಟಗೇರಿ ಅಲ್ಲೋ," ರೈತ ಎಡಕ್ಕೆ ಕೈ ಮಾಡಿದ್ದ. "ಅಲ್ಲಿಂದ ನಮ್ಮೂರ ರಸ್ತಾ ಹೋಗ್ತೈತಿ. ವಾರಕ್ಕೆರಡು ಸಲ ಶೇಂಗಾ ಹೇರ್ಕೊಂಡು ಅದ ರಸ್ತಾದಾಗ ಬರ್ತೀನಿ. ಅದು ಗದಗ."

"ಮಾಂವಾ, ಕಲ್ಲಿನ ಮ್ಯಾಲ ಬರದಾರ. ಬರದಾಂವ ಯಾರು ನೋಡು, ಖಾಸಿಂ. ನಮ್ಮ ಟ್ರೇಲರ್ ಬರದಾಂವನೂ ಅವನ. ಅವನ ಕೈ ತಪ್ಪಂಗಿಲ್ಲ."

"ಟಾಕಿ ಆ ಕಡೆ ಐತೆಲ್ಲೋ..."

"ನಿನಗ ಕಣ್ಣು ಮಂದ ಆಗ್ಯಾವ. ಅಲ್ಲಾ, ನಾಳೆ ಟ್ರ್ಯಾಕ್ಟರ್ ಹೆಂಗ ಹೊಡೀತಿ? ಕೀಲಿ ನನ್ನ ಕಡೆ ಕೊಡು."

ಫಕೀರಬಿ ನಡುವೆ ಬಾಯಿ ಹಾಕಿದಳು. "ಯಪ್ಪಾ, ಟಾಕಿ ನಮ್ಮ ಓಣೀದ."

"ಓದಾಕ ಬರ್ತೈತೇನಬೇ ನಿನಗ?" ಎಂದ ವೀರು.

ಚನ್ನಬಸವಣ್ಣ ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಊರು ನೋಡಿದ. ಆಮೇಲೆ ಕಲ್ಲು ನೋಡಿದ. "ಇರಬೇಕೇಳಪ. ವಯಸ್ಸಾತು," ಎಂದು ಜೇಬಿಗೆ ಕೈ ಹಾಕಿದ.

ಸರಿಯಾಗಿ ಕಾಣುವ ಎರಡು ಕಣ್ಣು ತಮ್ಮ ದುಂಡನೆಯ ಅಕ್ಷರಕ್ಕೆ ಹೆದರಿ ಕುರುಡಾಗುವುದನ್ನು ಖಾಸಿಂಸಾಬರು ಅಷ್ಟು ಹತ್ತಿರದಿಂದ ನೋಡಿದರು.

"ಯಜಮಾನ್ರ, ಕೀಲಿ ಕೊಡಬ್ಯಾಡ್ರಿ. ನೀವು ಹೇಳಿದ್ದು ಖರೆ. ಕಲ್ಲು ಸುಳ್ಳೈತಿ."

"ನೀವ್ಯಾರ್ರಿ ಹೇಳಾಕ?" ವೀರು ತಿರುಗಿದ.

"ಬರದಾಂವ."

ಫೋಟೊ ಹೊಡೆಯುತ್ತಿದ್ದ ನಾಲ್ಕು ಮಂದಿ ಕೈ ಇಳಿಸಿದರು. ಚನ್ನಬಸವಣ್ಣನ ಮುಖ ಅರಳಿತು. ಆಮೇಲೆ ಅದೇ ಮುಖದಲ್ಲಿ ತಾತ್ಸಾರ ಮೂಡಿತು. ಇಷ್ಟು ವರ್ಷ ಫ್ಲೆಕ್ಸಿನವರಿಗೆ ಖಾಸಿಂಸಾಬರು ತೋರಿಸುತ್ತಿದ್ದದ್ದು ಅದೇ ಮುಖ.

"ಅಲ್ರೀ, ಎತ್ತಿಗೂ ತಿಳೀತಾವ ಎಡಬಲ. ಬರಿಯೂಕಿಂತ ಮೊದಲ ಇಲ್ಲಿ ಬಂದು ನೋಡಿದ್ರಿಲ್ಲೊ?"

"ಇಲ್ಲ."

"ಯಾಕ?"

"ಸೊಕ್ಕು," ಎಂದರು ಖಾಸಿಂಸಾಬರು.

"ಮನೀಗೆ ನಡೀರಿ," ಎಂದಳು ಫಕೀರಬಿ. ಟಂಟಂನಿಂದ ಇಳಿಯುವಾಗ, "ನನ್ನ ಕೇಳಿದ್ರ ನಾನ ಹೇಳ್ತಿದ್ದೆ," ಎಂದಳು.

ಮರುದಿನ ಬೆಳಿಗ್ಗೆ ಖಾಸಿಂಸಾಬರು ಬಣ್ಣದ ಡಬ್ಬಿ, ಕುಂಚ ಹಿಡಿದು ಒಬ್ಬರೇ ಗುಡ್ಡಕ್ಕೆ ಬಂದರು. ಡಬ್ಬಿ ತೆರೆಯಲಿಲ್ಲ. ಕಟಾಂಜನ ಹಿಡಿದು ನಿಂತು ಮೊದಲು ಬೆಟಗೇರಿ ನೋಡಿದರು, ಆಮೇಲೆ ರೈಲು ಹಳಿ ದಾಟಿ ಗದಗ, ಆಮೇಲೆ ಹೊಂಬಳದ ರಸ್ತೆ. ಊರು ಅಷ್ಟೇನೂ ಚಂದ ಕಾಣಲಿಲ್ಲ. ಆದರೂ ನೋಡುತ್ತ ನಿಂತರು.

ಹಿಂದಿನಿಂದ ಒಂದು ದನಿ ಬಂತು. "ಅಂಕಲ್, ಸ್ವಲ್ಪ ಸರೀರಿ, ನಮ್ಮ ಫೋಟೊದಾಗ ಬರಾಕತ್ತೀರಿ."

"ಬರ್ಲಿ," ಎಂದರು ಖಾಸಿಂಸಾಬರು, ತಿರುಗದೆ.