ಗೆರೆ ದಾಟಿದ ಬಾಲ್

ಮೈದಾನದ ಬದಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗಿನಿಂದ ನನ್ನ ಕಣ್ಣು ಮಗಳ ಆಟದ ಮೇಲಿರಲಿಲ್ಲ, ಎದುರಿನ ಗೆರೆಯಾಚೆ ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದ ಗಂಡಸರ ಮೇಲಿತ್ತು. ಕುಣಿಗಲ್‌ನಲ್ಲಿ ಮ್ಯಾಚ್ ಎಂದು ಅವಳು ಹೇಳಿದ ದಿನದಿಂದಲೇ ನನಗೆ ಊಟ ಸೇರುತ್ತಿರಲಿಲ್ಲ. ತುಮಕೂರಿನ ಬಟವಾಡಿಯಲ್ಲಿ ಬಸ್ ಹತ್ತುವಾಗಲೂ, ಹೊಟ್ಟೆನೋವು ಎಂದು ಸುಳ್ಳು ಹೇಳಿ ಇವಳನ್ನು ನಿಲ್ಲಿಸಿಬಿಡಲೇ ಎಂದು ಯೋಚಿಸಿದ್ದೆ.

ಮೈಕ್ ಹಿಡಿದವರು ಶುರುವಿನಲ್ಲೇ, "ಈ ಮೈದಾನದಲ್ಲಿ ಹೆಣ್ಮಕ್ಕಳ ಫುಟ್‌ಬಾಲ್ ಇದೇ ಮೊದಲು" ಎಂದು ಸಾರಿದರು. ಜನ ಚಪ್ಪಾಳೆ ತಟ್ಟಿದರು. ಮಳ್ಳಿಯ ಹಾಗೆ ನಾನೂ ತಟ್ಟಿದೆ.

ಮೂವತ್ತು ವರ್ಷದ ಹಿಂದೆ ಇದೇ ಮೈದಾನದಲ್ಲಿ ನಾನು ಡಿಫೆನ್ಸ್ ಆಡಿದ್ದೆ. ಆಗ ನಮ್ಮ ಮನೆ ತುಮಕೂರಿನದೇ ಉಪ್ಪಾರಹಳ್ಳಿಯಲ್ಲಿತ್ತು. ಊರಲ್ಲೇ ಆಡಿದರೆ ನೆಂಟರಿಷ್ಟರ ಕಣ್ಣಿಗೆ ಬೀಳುತ್ತೇವೆಂದು ಕಾಲೇಜಿನ ನಾವೊಂದಷ್ಟು ಹುಡುಗಿಯರು ಗುಬ್ಬಿಗೆ ಹೋಗಿ ಪ್ರಾಕ್ಟೀಸ್ ಮಾಡುತ್ತಿದ್ದೆವು. ನಮಗೆ ಎದುರಾಳಿಗಳ ಹೆದರಿಕೆ ಇರಲಿಲ್ಲ. ಬಾಲ್ ಗೆರೆ ದಾಟಿದರೆ ತರಲು ಒಬ್ಬಳು ನೋಡಲು ನಿಂತ ಗಂಡಸರ ಗುಂಪಿನೊಳಗೆ ಹೋಗಬೇಕಿತ್ತು, ಅದರ ಹೆದರಿಕೆ. ಅವರು ಬಾಲನ್ನು ಕೈಯಿಂದ ಕೈಗೆ ದಾಟಿಸುತ್ತಾ ಸತಾಯಿಸುತ್ತಿದ್ದರು, ಬೇಕೆಂದೇ ಮೈ ತಾಗಿಸುತ್ತಿದ್ದರು. ಅದಕ್ಕೇ ನಾವು ಜೋರಾಗಿ ಒದೆಯುವುದನ್ನೇ ಬಿಟ್ಟೆವು. ಒಬ್ಬರಿಂದೊಬ್ಬರಿಗೆ ಹತ್ತಿರದಲ್ಲೇ ತಳ್ಳಿಕೊಂಡು ಆಡುತ್ತಿದ್ದೆವು. ಎಷ್ಟು ಅಚ್ಚುಕಟ್ಟಾದ ಆಟ ಎಂದು ಕೋಚ್ ಮೆಚ್ಚಿಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು.

ಆಗಿನ ಆ ಕುಣಿಗಲ್ ಮ್ಯಾಚಿನಲ್ಲಿ ಒಂದು ಬಾಲ್ ತಪ್ಪಿ ಆಚೆ ಹೋಯಿತು. ಟೀಮಿನಲ್ಲಿದ್ದ ಗುಬ್ಬಿಯ ನನ್ನ ಗೆಳತಿಯೊಬ್ಬಳು ತರಲು ಹೋದಳು. ಗುಂಪು ಅವಳ ಹಿಂದೆ ಮುಚ್ಚಿಕೊಂಡಿತು. ಅವಳು ಹೊರಗೆ ಬಂದಾಗ ಅಂಗಿಯ ತೋಳು ಹರಿದಿತ್ತು, ಕೈಯಲ್ಲಿ ಬಾಲ್ ಇರಲಿಲ್ಲ. ಆಟ ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಅವಳ ತೋಳಿಗೆ ನನ್ನ ದುಪಟ್ಟಾ ಸುತ್ತಿ ಪಿನ್ ಹಾಕಿದೆ. ಯಾರೂ ಮನೆಯಲ್ಲಿ ಬಾಯಿ ಬಿಡಲಿಲ್ಲ, ಮತ್ತೆ ಪ್ರಾಕ್ಟೀಸಿಗೂ ಬರಲಿಲ್ಲ. ಹೀಗೆ ನಾವು ಆಡಿದ್ದೇ ಇಲ್ಲ ಎಂದಾಯಿತು.

ಈಗ ಎದುರು ಟೀಮಿನವಳೊಬ್ಬಳು ಒದ್ದ ಬಾಲ್ ಬೈಕುಗಳ ನಡುವೆ ಹೋಗಿ ಬಿತ್ತು. ತರಲು ಓಡಿದ್ದು ನನ್ನ ಮಗಳೇ. ಒಬ್ಬ ಬಾಲೆತ್ತಿ ಪಕ್ಕದವನಿಗೆ ಕೊಟ್ಟು ನಕ್ಕ. ಇವಳು ಗೆರೆಯ ಮೇಲೇ ನಿಂತು ಕೈ ಚಾಚಿ, "ಬಾಲ್ ಕೊಡಿ ಅಣ್ಣ, ಟೈಮ್ ವೇಸ್ಟ್ ಆಗ್ತಿದೆ" ಎಂದಳು. ಅವನು ಕೊಟ್ಟ. ಅಷ್ಟೇ. ನಾನು ಮಾತ್ರ ಹಾಫ್ ಟೈಮಿನವರೆಗೂ ಆ ಬೈಕುಗಳನ್ನೇ ನೋಡುತ್ತಿದ್ದೆ.

ನೀರು ಕುಡಿಯಲು ಬಂದ ಮಗಳು, "ಕೇಳಿಸ್ಕೊಂಡ್ಯಾ ಅಮ್ಮ? ನಾವೇ ಫಸ್ಟಂತೆ" ಎಂದಳು.

"ಅಲ್ಲ ಕಣೇ. ಆ ಗೋಲ್ ಮುಂದೆ ನಾನೂ ಆಡಿದೀನಿ."

ಅವಳು ಬಾಟಲಿ ಕೆಳಗಿಳಿಸಿದಳು. "ನೀನಾ? ಮತ್ಯಾಕೆ ಬಿಟ್ಟೆ?"

ಈ ಪ್ರಶ್ನೆಗೇ ನಾನು ಇಷ್ಟು ವರ್ಷ ಹೆದರಿದ್ದು. "ಬಾಲ್ ಆಚೆ ಹೋಯ್ತು ಕಣೇ, ವಾಪಸ್ ಬರ್ಲೇ ಇಲ್ಲ. ಮನೇಲಿ ಎಲ್ಲಾ ಹೇಳ್ತೀನಿ, ಹೋಗು."

ವಿಸಿಲ್ ಕೇಳಿ ಅವಳು ಓಡಿದಳು. ನಾನು ಕುರ್ಚಿ ಬಿಟ್ಟೆದ್ದು ಮೈದಾನ ಸುತ್ತಿ ಹೋಗಿ, ಆ ಬೈಕುಗಳ ಮುಂದೆ ನಿಂತೆ.

"ಇಲ್ಲಿ ಬಿಸ್ಲು ಆಂಟಿ, ಆ ಕಡೆ ಕೂತ್ಕೊಳ್ಳಿ" ಎಂದ ಒಬ್ಬ.

"ಇರ್ಲಿ ಬುಡಪ್ಪ" ಎಂದೆ. "ಈ ಕಡೆ ಬರೋ ಬಾಲೆಲ್ಲ ನಾನೇ ಎತ್ಕೊಡ್ತೀನಿ."